ವಿಮೆಯ ಮೇಲಿನ ಜಿಎಸ್‌ಟಿ ಸೊನ್ನೆಯಾಗಿದೆ; ಹಾಗಿದ್ದರೆ ಅಂಗಡಿಯ ವಿಮೆಗೆ ಇನ್ನೂ ಶೇ 18 ಏಕೆ?

"ಇನ್ನು ಮುಂದೆ ವಿಮೆಗೆ ತೆರಿಗೆಯೇ ಇಲ್ಲ." 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಬದಲಾವಣೆಗಳು ಜಾರಿಗೆ ಬಂದಾಗ ಬಹಳ ಜನರ ಬಾಯಲ್ಲಿ ಈ ಮಾತು ಓಡಾಡಿತು. ಮನೆಯವರ ಆರೋಗ್ಯ ವಿಮೆ ನವೀಕರಿಸಿದವರಿಗೆ ಅದು ನಿಜವೂ ಆಗಿತ್ತು. ಆದರೆ ಒಂದು ಕಿರಾಣಿ ಅಂಗಡಿಯನ್ನೋ, ದರ್ಶಿನಿಯನ್ನೋ, ಹತ್ತು ಜನ ಕೆಲಸಗಾರರ ವರ್ಕ್‌ಶಾಪನ್ನೋ ನಡೆಸುವವರು ತಮ್ಮ ವ್ಯಾಪಾರದ ವಿಮೆ ನವೀಕರಿಸಲು ಹೋದರೆ, ಬಿಲ್ಲಿನ ಕೊನೆಯಲ್ಲಿ ಅದೇ ಹಳೆಯ ಶೇ 18 ಕಾಣುತ್ತದೆ. ಏಜೆಂಟ್ ಮೋಸ ಮಾಡುತ್ತಿದ್ದಾರೆಯೇ? ಕಂಪನಿ ಹಳೆಯ ದರವನ್ನೇ ಹಾಕುತ್ತಿದೆಯೇ? ಎರಡೂ ಇಲ್ಲ. ಕಾನೂನು ಇರುವುದೇ ಹಾಗೆ.

ಯಾವ ವಿಮೆಗೆ ತೆರಿಗೆ ಹೋಯಿತು, ಯಾವುದಕ್ಕೆ ಉಳಿಯಿತು, ಉಳಿದ ತೆರಿಗೆ ಕೊನೆಗೆ ಯಾರ ಜೇಬಿನಿಂದ ಹೋಗುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ. ದರ ಎಲ್ಲರಿಗೂ ಒಂದೇ ಆದರೂ ಭಾರ ಒಂದೇ ಅಲ್ಲ ಎಂಬುದು ಇದರಲ್ಲಿ ಗೊತ್ತಾಗುತ್ತದೆ.

ಯಾವುದಕ್ಕೆ ತೆರಿಗೆ ಹೋಯಿತು?

2025ರ ಸೆಪ್ಟೆಂಬರ್ 3ರಂದು ನಡೆದ ಜಿಎಸ್‌ಟಿ ಮಂಡಳಿಯ 56ನೇ ಸಭೆ, ವ್ಯಕ್ತಿಗಳು ತಮಗಾಗಿ ಅಥವಾ ಕುಟುಂಬಕ್ಕಾಗಿ ಕೊಳ್ಳುವ ಜೀವ ವಿಮೆ ಮತ್ತು ಆರೋಗ್ಯ ವಿಮೆಗಳಿಗೆ ಪೂರ್ಣ ವಿನಾಯಿತಿ ನೀಡಿತು. ಇದು ಸೆಪ್ಟೆಂಬರ್ 22ರಿಂದ ಜಾರಿಗೆ ಬಂತು. ಟರ್ಮ್ ಪಾಲಿಸಿ, ಯುಲಿಪ್, ಎಂಡೋಮೆಂಟ್, ಫ್ಯಾಮಿಲಿ ಫ್ಲೋಟರ್, ಹಿರಿಯ ನಾಗರಿಕರ ಪಾಲಿಸಿ ಎಲ್ಲವೂ ಇದರಲ್ಲಿ ಸೇರಿವೆ.

ಇಲ್ಲಿ ಗಮನಿಸಬೇಕಾದ ಪದ "ವ್ಯಕ್ತಿಗಳು". ಒಂದು ಸಂಸ್ಥೆ ತನ್ನ ಸಿಬ್ಬಂದಿಗೆ ಒಟ್ಟಾಗಿ ಮಾಡಿಸುವ ಗುಂಪು ಆರೋಗ್ಯ ವಿಮೆಗೆ ಈ ವಿನಾಯಿತಿ ಇಲ್ಲ. ಅಂಗಡಿ, ಗೋದಾಮುಗಳ ಬೆಂಕಿ ವಿಮೆ, ಕಳ್ಳತನದ ವಿಮೆ, ಯಂತ್ರಗಳ ವಿಮೆ, ಸಾಗಣೆಯಲ್ಲಿರುವ ಸರಕಿನ ವಿಮೆ, ಕಾರ್ಮಿಕ ಪರಿಹಾರ ವಿಮೆ ಇವೆಲ್ಲವೂ ಶೇ 18ರಲ್ಲೇ ಇವೆ. ಸರಕು ಸಾಗಣೆ ವಾಹನಗಳ ಥರ್ಡ್ ಪಾರ್ಟಿ ವಿಮೆಗೆ ಮಾತ್ರ ದರ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಆಟೊ, ಟ್ಯಾಕ್ಸಿಗಳಿಗೆ ಆ ಇಳಿಕೆ ಸಿಗಲಿಲ್ಲ. ಥರ್ಡ್ ಪಾರ್ಟಿ ವಿಮೆ ಇಲ್ಲದೆ ವಾಹನ ರಸ್ತೆಗಿಳಿಸುವಂತಿಲ್ಲ ಎನ್ನುವುದು 1988ರ ಮೋಟಾರು ವಾಹನ ಕಾಯ್ದೆಯ ನಿಯಮ. ಕಡ್ಡಾಯವಾಗಿ ಕೊಳ್ಳಲೇಬೇಕಾದದ್ದಕ್ಕೂ ತೆರಿಗೆ ಇರುತ್ತದೆ ಎನ್ನುವುದಕ್ಕೆ ಇದೇ ಉದಾಹರಣೆ.

ಈ ತೆರಿಗೆ ಶುರುವಾದದ್ದು ಯಾವಾಗ?

ವಿಮೆಯ ಮೇಲಿನ ತೆರಿಗೆ ಜಿಎಸ್‌ಟಿಯೊಂದಿಗೆ ಬಂದದ್ದು ಎಂದು ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. ಭಾರತದಲ್ಲಿ ಸೇವಾ ತೆರಿಗೆ 1994ರ ಜುಲೈ 1ರಂದು ಆರಂಭವಾದಾಗ ಅದರ ವ್ಯಾಪ್ತಿಗೆ ಬಂದದ್ದು ಮೂರೇ ಸೇವೆಗಳು: ಟೆಲಿಫೋನ್, ಷೇರು ದಲ್ಲಾಳಿ ಮತ್ತು ಸಾಮಾನ್ಯ ವಿಮೆ. ಆಗ ದರ ಶೇ 5 ಇತ್ತು. ನಂತರದ ವರ್ಷಗಳಲ್ಲಿ ಅದು ಏರುತ್ತಾ ಹೋಗಿ, 2016ರ ಹೊತ್ತಿಗೆ ಸೆಸ್‌ಗಳೂ ಸೇರಿ ಶೇ 15 ಆಯಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಶೇ 18ಕ್ಕೆ ಮುಟ್ಟಿತು.

ಜೀವ ಮತ್ತು ಆರೋಗ್ಯ ವಿಮೆಯ ತೆರಿಗೆ ದೊಡ್ಡ ಚರ್ಚೆಯಾದದ್ದು 2024ರ ಜುಲೈನಲ್ಲಿ. ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು ಈ ತೆರಿಗೆಯನ್ನು ಹಿಂಪಡೆಯುವಂತೆ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರಿಗೆ ಪತ್ರ ಬರೆದರು. ಬದುಕಿನ ಅನಿಶ್ಚಿತತೆಗೇ ತೆರಿಗೆ ಹಾಕಿದಂತಾಗುತ್ತದೆ ಎಂಬ ವಾದ ಅದರಲ್ಲಿತ್ತು. ಅಂಗಡಿಗೆ ಬೆಂಕಿ ಬೀಳುವುದೂ, ಗೋದಾಮಿಗೆ ನೀರು ನುಗ್ಗುವುದೂ ಅನಿಶ್ಚಿತತೆಯೇ. ಆದರೆ ಚರ್ಚೆ ಆ ಕಡೆಗೆ ಹೊರಳಲಿಲ್ಲ.

ಒಂದೇ ತೆರಿಗೆ, ಬೇರೆ ಬೇರೆ ಅಂಗಡಿ

ವ್ಯಾಪಾರದ ವಿಮೆಗೆ ವಿನಾಯಿತಿ ಕೊಡದಿರಲು ಸರ್ಕಾರದ ಬಳಿ ಒಂದು ತರ್ಕವಿದೆ. ಜಿಎಸ್‌ಟಿ ಎನ್ನುವುದು ಸರಪಳಿ. ವ್ಯಾಪಾರಿ ತನ್ನ ಖರೀದಿಗಳ ಮೇಲೆ ಕಟ್ಟಿದ ತೆರಿಗೆಯನ್ನು, ತನ್ನ ಮಾರಾಟದ ಮೇಲೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಇದಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಎನ್ನುತ್ತಾರೆ. ಹೀಗಾಗಿ ವಿಮೆಗೆ ಕಟ್ಟಿದ ಜಿಎಸ್‌ಟಿ ವ್ಯಾಪಾರಿಗೆ ಖರ್ಚೇ ಅಲ್ಲ, ಅದು ವಾಪಸ್ ಬರುತ್ತದೆ ಎನ್ನುವುದು ಆ ತರ್ಕ.

ಇದು ಯಾರಿಗೆ ಅನ್ವಯಿಸುತ್ತದೆ ಎಂದು ಒಂದು ಲೆಕ್ಕ ಹಾಕಿ ನೋಡೋಣ. ಒಂದೇ ರಸ್ತೆಯಲ್ಲಿ ಐದು ವ್ಯಾಪಾರಗಳಿವೆ, ಐದೂ ಕಡೆ ಬೆಂಕಿ ವಿಮೆಯ ಪ್ರೀಮಿಯಂ 10,000 ರೂಪಾಯಿ ಎಂದುಕೊಳ್ಳಿ. ಎಲ್ಲರೂ 1,800 ರೂಪಾಯಿ ಜಿಎಸ್‌ಟಿ ಸೇರಿಸಿ 11,800 ಕಟ್ಟುತ್ತಾರೆ.

ಮೊದಲನೆಯದು ದೊಡ್ಡ ಎಲೆಕ್ಟ್ರಾನಿಕ್ಸ್ ಮಳಿಗೆ. ಜಿಎಸ್‌ಟಿಯಲ್ಲಿ ಸಾಮಾನ್ಯ ನೋಂದಣಿ ಇದೆ, ಪ್ರತಿ ತಿಂಗಳು ಲೆಕ್ಕ ಸಲ್ಲಿಸುತ್ತದೆ. 1,800 ರೂಪಾಯಿಯನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳುತ್ತದೆ. ಅದಕ್ಕೆ ವಿಮೆಯ ನಿಜವಾದ ಬೆಲೆ 10,000.

ಎರಡನೆಯದು ಪುಟ್ಟ ಫ್ಯಾನ್ಸಿ ಸ್ಟೋರ್. ವರ್ಷದ ವಹಿವಾಟು 40 ಲಕ್ಷಕ್ಕಿಂತ ಕಡಿಮೆ, ಹಾಗಾಗಿ ನೋಂದಣಿ ಬೇಕಿಲ್ಲ. ನೋಂದಣಿ ಇಲ್ಲ ಎಂದ ಮೇಲೆ ಕ್ರೆಡಿಟ್ಟೂ ಇಲ್ಲ. ಬೆಲೆ 11,800.

ಮೂರನೆಯದು ಹಾರ್ಡ್‌ವೇರ್ ಅಂಗಡಿ. ವಹಿವಾಟು 1.5 ಕೋಟಿಯ ಒಳಗಿರುವುದರಿಂದ ಕಾಂಪೋಸಿಷನ್ ಪದ್ಧತಿಯಲ್ಲಿದೆ. ವಹಿವಾಟಿನ ಶೇ 1ರಷ್ಟು ಕಟ್ಟಿದರೆ ಸಾಕು, ಲೆಕ್ಕಪತ್ರದ ತಲೆನೋವು ಕಡಿಮೆ. ಆದರೆ ಈ ಪದ್ಧತಿಯ ಷರತ್ತೇ ಕ್ರೆಡಿಟ್ ಬಿಟ್ಟುಕೊಡುವುದು. ಬೆಲೆ 11,800.

ನಾಲ್ಕನೆಯದು ದರ್ಶಿನಿ. ಚೆನ್ನಾಗಿ ನಡೆಯುತ್ತದೆ, ನೋಂದಣಿಯೂ ಇದೆ. ಆದರೆ ಇಂಥ ಹೋಟೆಲ್‌ಗಳು 2017ರ ನವೆಂಬರ್‌ನಿಂದ ಶೇ 5ರ ದರದಲ್ಲಿ, ಕ್ರೆಡಿಟ್ ಇಲ್ಲದೆ ತೆರಿಗೆ ಕಟ್ಟುತ್ತಿವೆ. ಅನಿಲ, ಎಣ್ಣೆ, ಒಲೆಗಳ ನಡುವೆ ಬೆಂಕಿಯ ಭಯ ಎಲ್ಲರಿಗಿಂತ ಹೆಚ್ಚಿರುವುದು ಇಲ್ಲಿ. ಬೆಲೆ ಮತ್ತೆ 11,800.

ಐದನೆಯದು ವೈದ್ಯರ ಕ್ಲಿನಿಕ್. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಮಾರಾಟದ ಮೇಲೆ ತೆರಿಗೆಯೇ ಇಲ್ಲದಿದ್ದರೆ ಖರೀದಿಯ ತೆರಿಗೆಯನ್ನು ಯಾವುದರಲ್ಲಿ ಕಳೆಯುವುದು? ಬೆಲೆ 11,800. ಹಾಲು, ತರಕಾರಿ, ಹೂವು ಮಾರುವವರ ಸ್ಥಿತಿಯೂ ಇದೇ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್‌ಗಳು ಬಂದಾಗ, ತೆರಿಗೆ ಇಲ್ಲದ ಸರಕು ಮಾರುವವರು "ನಮಗೇಕೆ ಜಿಎಸ್‌ಟಿ" ಎಂದು ಕೇಳಿದ್ದು ನೆನಪಿರಬಹುದು. ತಾವು ಜಿಎಸ್‌ಟಿ ವಸೂಲಿ ಮಾಡದಿದ್ದರೂ, ವಿಮೆ, ಬಾಡಿಗೆ, ಫೋನ್ ಬಿಲ್ಲುಗಳ ಮೂಲಕ ಅವರು ಅದನ್ನು ಕಟ್ಟುತ್ತಲೇ ಇರುತ್ತಾರೆ.

ಐದರಲ್ಲಿ ನಾಲ್ವರಿಗೆ ತೆರಿಗೆ ವಾಪಸ್ ಬರಲಿಲ್ಲ. ವಾಪಸ್ ಬಂದದ್ದು ದೊಡ್ಡವರಿಗೆ. ಯಾರೂ ಬೇಕೆಂದು ಹೀಗೆ ರೂಪಿಸಿದ್ದಲ್ಲ. ಸಣ್ಣವರಿಗೆ ಲೆಕ್ಕಪತ್ರದ ಹೊರೆ ಬೇಡ ಎಂದು ಕೊಟ್ಟ ರಿಯಾಯಿತಿಯ ಇನ್ನೊಂದು ಮುಖ ಇದು.

"ಹೇಗೂ ಖರ್ಚು ಎಂದು ತೋರಿಸಿ ಆದಾಯ ತೆರಿಗೆಯಲ್ಲಿ ಉಳಿಸಬಹುದಲ್ಲ?" ಎಂದು ನೀವು ಕೇಳಬಹುದು. ಪೂರ್ಣ ಲೆಕ್ಕಪತ್ರ ಇಟ್ಟವರಿಗೆ ಅದು ಸಾಧ್ಯ. ಆದರೆ ಅನೇಕ ಸಣ್ಣ ವ್ಯಾಪಾರಿಗಳು ವಹಿವಾಟಿನ ಶೇ 8 ಅಥವಾ ಶೇ 6ರಷ್ಟನ್ನು ಲಾಭವೆಂದು ಒಪ್ಪಿಕೊಳ್ಳುವ ಅಂದಾಜು ಆದಾಯ ಪದ್ಧತಿಯಲ್ಲಿದ್ದಾರೆ. ಅಲ್ಲಿ ಯಾವ ಖರ್ಚನ್ನೂ ಬೇರೆಯಾಗಿ ಕಳೆಯಲು ಅವಕಾಶವಿಲ್ಲ.

ನಿಜವಾಗಿ ಭಾರವಾಗುವುದು ಎಲ್ಲಿ?

ಬೆಂಕಿ ವಿಮೆಯ ಪ್ರೀಮಿಯಂ ಸಾಮಾನ್ಯವಾಗಿ ಸರಕಿನ ಮೌಲ್ಯದ ಒಂದು ಸಣ್ಣ ಭಾಗ. ಅನೇಕ ಪುಟ್ಟ ಅಂಗಡಿಗಳಿಗೆ ಅದರ ಮೇಲಿನ ತೆರಿಗೆ ವರ್ಷಕ್ಕೆ ಕೆಲವು ನೂರು ರೂಪಾಯಿ ಅಷ್ಟೇ. ಹಾಗಾಗಿ ಜನ ವಿಮೆ ಮಾಡಿಸದಿರಲು ತೆರಿಗೆಯೇ ಕಾರಣ ಎನ್ನುವುದು ಉತ್ಪ್ರೇಕ್ಷೆ. "ನಮಗೇನಾಗುತ್ತದೆ" ಎಂಬ ಧೈರ್ಯ, ಕ್ಲೇಮ್ ಕೊಡುವುದಿಲ್ಲ ಎಂಬ ಅನುಮಾನ, ಅರ್ಥವಾಗದ ಷರತ್ತುಗಳು ಇವೂ ಕಾರಣಗಳೇ. 2023-24ರಲ್ಲಿ ದೇಶದ ಒಟ್ಟು ವಿಮಾ ಪ್ರೀಮಿಯಂ ಜಿಡಿಪಿಯ ಶೇ 3.7ರಷ್ಟಿತ್ತು. ಅದರಲ್ಲಿ ಜೀವ ವಿಮೆ ಬಿಟ್ಟು ಉಳಿದ ಎಲ್ಲ ವಿಮೆಗಳ ಪಾಲು ಶೇ 1ರಷ್ಟು ಮಾತ್ರ.

ಭಾರ ನಿಜವಾಗಿ ತಿಳಿಯುವುದು ಸಿಬ್ಬಂದಿಯ ಆರೋಗ್ಯ ವಿಮೆಯಲ್ಲಿ. ಹನ್ನೆರಡು ಜನ ಕೆಲಸಗಾರರಿಗೆ ಗುಂಪು ಪಾಲಿಸಿಯ ಪ್ರೀಮಿಯಂ 1,20,000 ರೂಪಾಯಿ ಎಂದಿಟ್ಟುಕೊಂಡರೆ ಜಿಎಸ್‌ಟಿ 21,600. ಇನ್ನಿಬ್ಬರನ್ನು ವಿಮೆಗೆ ಸೇರಿಸಬಹುದಾದಷ್ಟು ಹಣ ಅದು. ಇಲ್ಲಿ ಸಾಮಾನ್ಯ ನೋಂದಣಿ ಇದ್ದವರಿಗೂ ಕ್ರೆಡಿಟ್ ಇಲ್ಲ. ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮು, ಸಿಬ್ಬಂದಿಯ ಆರೋಗ್ಯ ಮತ್ತು ಜೀವ ವಿಮೆಯ ಮೇಲಿನ ಕ್ರೆಡಿಟನ್ನು ತಡೆಹಿಡಿದಿದೆ. ಆ ವಿಮೆ ಮಾಡಿಸುವುದು ಯಾವುದಾದರೂ ಕಾನೂನಿನ ಪ್ರಕಾರ ಮಾಲೀಕರಿಗೆ ಕಡ್ಡಾಯವಾಗಿದ್ದರೆ ಮಾತ್ರ ಕ್ರೆಡಿಟ್ ಸಿಗುತ್ತದೆ. ಕಾನೂನಿನ ಒತ್ತಾಯದಿಂದ ಮಾಡಿಸಿದವರಿಗೆ ತೆರಿಗೆ ವಾಪಸ್, ಕಾಳಜಿಯಿಂದ ಮಾಡಿಸಿದವರಿಗೆ ಇಲ್ಲ.

ಈ ತಡೆ ದೊಡ್ಡ ಕಂಪನಿಗಳಿಗೂ ಇದೆ. ಆದರೆ ಸಾವಿರಾರು ಸಿಬ್ಬಂದಿ ಇರುವ ಕಂಪನಿ ಪ್ರೀಮಿಯಂ ದರದಲ್ಲೇ ಚೌಕಾಸಿ ಮಾಡಬಲ್ಲದು. ಹನ್ನೆರಡು ಜನರ ವರ್ಕ್‌ಶಾಪ್‌ಗೆ ಆ ಶಕ್ತಿ ಇಲ್ಲ.

ಇನ್ನೊಂದು ವಿಚಿತ್ರವೂ ಇದೆ. ಅದೇ ಹನ್ನೆರಡು ಜನ ಬೇರೆ ಬೇರೆಯಾಗಿ ಪಾಲಿಸಿ ಕೊಂಡರೆ ತೆರಿಗೆ ಸೊನ್ನೆ, ಮಾಲೀಕರು ಒಟ್ಟಾಗಿ ಕೊಂಡರೆ ಶೇ 18. ಹಾಗೆಂದು ಗುಂಪು ಪಾಲಿಸಿ ಬಿಟ್ಟು "ನೀವೇ ಮಾಡಿಸಿಕೊಳ್ಳಿ, ಹಣ ಕೊಡುತ್ತೇನೆ" ಎನ್ನುವುದು ಯಾವಾಗಲೂ ಜಾಣತನವಲ್ಲ. ಅನೇಕ ಗುಂಪು ಪಾಲಿಸಿಗಳಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡದಂತಹ ಹಳೆಯ ಕಾಯಿಲೆಗಳಿಗೂ ಮೊದಲ ದಿನದಿಂದಲೇ ರಕ್ಷಣೆ ಸಿಗುತ್ತದೆ. ವೈಯಕ್ತಿಕ ಪಾಲಿಸಿಯಲ್ಲಿ ಅದಕ್ಕೆ ಕಾಯುವ ಅವಧಿ ಇರುತ್ತದೆ. ವಯಸ್ಸಾದ ಕೆಲಸಗಾರರಿಗೆ ಪಾಲಿಸಿ ಸಿಗದೆಯೂ ಹೋಗಬಹುದು.

ತೆರಿಗೆಯೇ ಇಲ್ಲದ ದಾರಿಗಳೂ ಇವೆ. 10 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವವರಿಗೆ ಇಎಸ್‌ಐ ಅನ್ವಯಿಸುತ್ತದೆ. ಮಾಲೀಕರ ಪಾಲು ಸಂಬಳದ ಶೇ 3.25, ಕಾರ್ಮಿಕರ ಪಾಲು ಶೇ 0.75. ಇದಕ್ಕೆ ಜಿಎಸ್‌ಟಿ ಇಲ್ಲ. ವರ್ಷಕ್ಕೆ 20 ರೂಪಾಯಿಯ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಮತ್ತು 436 ರೂಪಾಯಿಯ ಜೀವನ ಜ್ಯೋತಿ ಬಿಮಾ ಯೋಜನೆಗಳಿಗೂ ಮೊದಲಿನಿಂದಲೇ ವಿನಾಯಿತಿ ಇದೆ.

ತೆರಿಗೆ ಉಳಿಸಲು ಹೋಗಿ ಆಗುವ ನಷ್ಟ

ಬಿಲ್ಲು ಹೆಚ್ಚಾಯಿತು ಎನಿಸಿದಾಗ ಸಣ್ಣ ವ್ಯಾಪಾರಿಗಳು ಮಾಡುವ ಸಾಮಾನ್ಯ ಕೆಲಸವೆಂದರೆ ಸರಕಿನ ಮೌಲ್ಯವನ್ನು ಕಡಿಮೆ ತೋರಿಸುವುದು. 10 ಲಕ್ಷದ ಸರಕಿಗೆ 5 ಲಕ್ಷದ ವಿಮೆ ಮಾಡಿಸಿ, "ಎಲ್ಲವೂ ಒಟ್ಟಿಗೆ ಸುಡುವುದಿಲ್ಲವಲ್ಲ, 2 ಲಕ್ಷ ಹೋದರೆ 2 ಲಕ್ಷ ಬರುತ್ತದೆ" ಎಂದುಕೊಳ್ಳುತ್ತಾರೆ. ಇದು ತಪ್ಪು ಲೆಕ್ಕ. ವಿಮೆಯಲ್ಲಿ ಸರಾಸರಿ ನಿಯಮ ಎಂಬುದೊಂದಿದೆ. ಅರ್ಧ ಮೌಲ್ಯಕ್ಕೆ ವಿಮೆ ಮಾಡಿಸಿದ್ದರೆ, ಆದ ನಷ್ಟದಲ್ಲೂ ಅರ್ಧ ಮಾತ್ರ ಸಿಗುತ್ತದೆ. 2 ಲಕ್ಷದ ನಷ್ಟಕ್ಕೆ 1 ಲಕ್ಷ. ಪ್ರೀಮಿಯಂ ಮತ್ತು ತೆರಿಗೆಯಲ್ಲಿ ಉಳಿಸಿದ ಕೆಲವು ಸಾವಿರ ಆ ಒಂದು ದಿನಕ್ಕೇ ಮುಗಿಯುತ್ತದೆ.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಜಾರಿಗೆ ತಂದ "ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ" ಪಾಲಿಸಿ ಇಲ್ಲಿ ಸ್ವಲ್ಪ ನೆರವಾಗುತ್ತದೆ. ಒಂದು ಸ್ಥಳದಲ್ಲಿ ಒಟ್ಟು 5 ಕೋಟಿವರೆಗಿನ ಆಸ್ತಿ ಇರುವ ವ್ಯಾಪಾರಗಳಿಗೆ ಇದು ಸಿಗುತ್ತದೆ. ಬೆಂಕಿಯ ಜೊತೆಗೆ ಬಿರುಗಾಳಿ, ಪ್ರವಾಹಗಳೂ ಇದರಲ್ಲಿ ಸೇರಿವೆ. ಮೌಲ್ಯ ಶೇ 15ರವರೆಗೆ ಕಡಿಮೆ ತೋರಿಸಿದ್ದರೂ ಕಡಿತ ಮಾಡುವುದಿಲ್ಲ. ಶೇ 50ರಷ್ಟು ಕಡಿಮೆ ತೋರಿಸಿದರೆ ಈ ಪಾಲಿಸಿಯೂ ಕಾಪಾಡುವುದಿಲ್ಲ.

ಕ್ರೆಡಿಟ್ ಪಡೆಯುವ ವ್ಯಾಪಾರಿಗಳು ಮರೆಯುವ ಇನ್ನೊಂದು ಸಂಗತಿ ಇದೆ. ಸುಟ್ಟುಹೋದ, ಕಳುವಾದ ಸರಕಿನ ಮೇಲೆ ಮೊದಲು ಪಡೆದಿದ್ದ ತೆರಿಗೆ ಕ್ರೆಡಿಟನ್ನು ಸರ್ಕಾರಕ್ಕೆ ಹಿಂದಿರುಗಿಸಬೇಕು. ಸರಕಿನ ಮೌಲ್ಯವನ್ನು ಜಿಎಸ್‌ಟಿ ಬಿಟ್ಟು ಲೆಕ್ಕ ಹಾಕಿ ವಿಮೆ ಮಾಡಿಸಿದ್ದರೆ, ಹಿಂದಿರುಗಿಸಬೇಕಾದ ಆ ಹಣ ಕೈಯಿಂದಲೇ ಹೋಗುತ್ತದೆ. ಪಾಲಿಸಿ ಮಾಡಿಸುವಾಗಲೇ ಈ ಬಗ್ಗೆ ಕೇಳಿ ತಿಳಿಯುವುದು ಒಳ್ಳೆಯದು.

"ತೆರಿಗೆ ಹೋದರೆ ಶೇ 18 ಅಗ್ಗ" ಎಂಬುದು ಸರಿಯೇ?

ಇಲ್ಲ. 11,800 ರೂಪಾಯಿಯ ಬಿಲ್ಲು 10,000ಕ್ಕೆ ಇಳಿದರೆ ಉಳಿತಾಯ ಶೇ 15.25. ಇದು ಬರೀ ಗಣಿತ. ಇದಕ್ಕಿಂತ ಮುಖ್ಯವಾದ ವಿಷಯ ಬೇರೆ ಇದೆ. ಒಂದು ಸೇವೆಗೆ ವಿನಾಯಿತಿ ಕೊಟ್ಟಾಗ, ಅದನ್ನು ಮಾರುವವರಿಗೆ ತಮ್ಮ ಖರ್ಚಿನ ಮೇಲಿನ ಕ್ರೆಡಿಟ್ ನಿಂತುಹೋಗುತ್ತದೆ. ವಿಮಾ ಕಂಪನಿ ಕಚೇರಿ ಬಾಡಿಗೆಗೆ, ಸಾಫ್ಟ್‌ವೇರ್‌ಗೆ, ಕಮಿಷನ್‌ಗೆ ಜಿಎಸ್‌ಟಿ ಕಟ್ಟುತ್ತಲೇ ಇರುತ್ತದೆ, ಆದರೆ ಅದನ್ನು ಕಳೆದುಕೊಳ್ಳಲು ಆಗುವುದಿಲ್ಲ. ಕ್ಲಿನಿಕ್‌ಗೆ ಆದದ್ದೇ ಇಲ್ಲಿ ವಿಮಾ ಕಂಪನಿಗೂ ಆಗುತ್ತದೆ.

ಆ ಖರ್ಚು ಎಲ್ಲಾದರೂ ಇಳಿಯಲೇಬೇಕು. 2025ರ ವಿನಾಯಿತಿಯ ನಂತರ ಹಲವು ವಿಮಾ ಕಂಪನಿಗಳು, ಇನ್ನು ಕಮಿಷನ್‌ನಲ್ಲೇ ಜಿಎಸ್‌ಟಿ ಸೇರಿದೆ ಎಂದು ತಮ್ಮ ವಿತರಕರಿಗೆ ತಿಳಿಸಿದವು. ಅಂದರೆ ಕೈಗೆ ಬರುವ ಕಮಿಷನ್ ಕಡಿಮೆಯಾಯಿತು. ವಿಮೆ ಮಾರುವವರಲ್ಲಿ ಬಹಳ ಮಂದಿ ಸ್ವತಃ ಸಣ್ಣ ವ್ಯವಹಾರಸ್ಥರು. ಪಾಲಿಸಿದಾರರ ತೆರಿಗೆ ಇಳಿದಾಗ ಅದರ ಒಂದು ತುಂಡು ಅವರ ಮೇಲೆ ಬಿತ್ತು.

ಹೀಗಾಗಿ ವ್ಯಾಪಾರದ ವಿಮೆಗೂ ಸುಮ್ಮನೆ ವಿನಾಯಿತಿ ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವಂತಿಲ್ಲ. ಕಡಿಮೆ ದರ ಇಟ್ಟು ಕಂಪನಿಗಳಿಗೆ ಕ್ರೆಡಿಟ್ ಉಳಿಸುವುದು, ಸಣ್ಣ ಉದ್ದಿಮೆಗಳ ಪಾಲಿಸಿಗೆ ಮಾತ್ರ ಬೇರೆ ದರ ಇಡುವುದು, ಗುಂಪು ಆರೋಗ್ಯ ವಿಮೆಯ ಮೇಲಿನ ಕ್ರೆಡಿಟ್ ತಡೆಯನ್ನು ತೆಗೆಯುವುದು, ಹೀಗೆ ಬೇರೆ ದಾರಿಗಳೂ ಇವೆ.

ಬೇರೆ ದೇಶಗಳಲ್ಲಿ ಹೇಗಿದೆ?

ಭಾರತ ಸಾಮಾನ್ಯ ವಿಮೆಗೆ ತೆರಿಗೆ ಹಾಕಿದ 1994ರಲ್ಲೇ ಬ್ರಿಟನ್ ಕೂಡ ವಿಮಾ ಪ್ರೀಮಿಯಂ ತೆರಿಗೆ ಆರಂಭಿಸಿತು. ಶೇ 2.5ರಿಂದ ಶುರುವಾದ ಅದು 2017ರಿಂದ ಶೇ 12 ಆಗಿದೆ. ಅಲ್ಲಿ ಸಣ್ಣವರಿರಲಿ ದೊಡ್ಡವರಿರಲಿ, ಯಾವ ವ್ಯಾಪಾರಿಗೂ ಅದು ವಾಪಸ್ ಸಿಗುವುದಿಲ್ಲ. ಅಮೆರಿಕದಲ್ಲಿ ವಿಮೆ ರಾಜ್ಯಗಳ ಅಧಿಕಾರಕ್ಕೆ ಸೇರಿದ್ದು, 1945ರ ಮೆಕ್ಯಾರನ್–ಫರ್ಗ್ಯುಸನ್ ಕಾಯ್ದೆ ಇದನ್ನು ಖಚಿತಪಡಿಸಿತು. ಅಲ್ಲಿನ ರಾಜ್ಯಗಳು ವಿಮಾ ಕಂಪನಿಯ ಒಟ್ಟು ಪ್ರೀಮಿಯಂ ಮೇಲೆ ತೆರಿಗೆ ಹಾಕುತ್ತವೆ. ಗ್ರಾಹಕರಿಗೆ ಅದು ಪ್ರೀಮಿಯಂನೊಳಗೇ ಸೇರಿಹೋಗಿರುತ್ತದೆ.

ಹೆಚ್ಚು ಪಾಠ ಇರುವುದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕತೆಯಲ್ಲಿ. ಅಲ್ಲಿ ಅಗ್ನಿಶಾಮಕ ದಳದ ಖರ್ಚಿನ ದೊಡ್ಡ ಪಾಲು ಆಸ್ತಿ ವಿಮೆಯ ಮೇಲಿನ ಲೆವಿಯಿಂದ ಬರುತ್ತಿತ್ತು. ಬೆಂಕಿ ಬಿದ್ದರೆ ದಳ ಎಲ್ಲರ ಮನೆಗೂ ಬರುತ್ತದೆ, ಆದರೆ ಅದಕ್ಕೆ ಹಣ ಕೊಡುವುದು ವಿಮೆ ಮಾಡಿಸಿದವರು ಮಾತ್ರ. 2009ರ ಭೀಕರ ಕಾಳ್ಗಿಚ್ಚಿನ ನಂತರ ನೇಮಕವಾದ ತನಿಖಾ ಆಯೋಗ ಈ ಪದ್ಧತಿ ಬಿಡುವಂತೆ ಶಿಫಾರಸು ಮಾಡಿತು. 2013ರ ಜುಲೈನಿಂದ ವಿಕ್ಟೋರಿಯಾ ಆ ಹಣವನ್ನು ವಿಮೆಯಿಂದ ಬಿಡಿಸಿ, ಎಲ್ಲ ಆಸ್ತಿ ಮಾಲೀಕರ ಮೇಲೆ ಹಂಚಿತು. ಮುನ್ನೆಚ್ಚರಿಕೆ ವಹಿಸಿದವರೇ ಹೆಚ್ಚು ಕೊಡುವಂತಾಗಬಾರದು ಎಂಬುದು ಅದರ ಹಿಂದಿನ ಯೋಚನೆ.

ಸರ್ಕಾರಕ್ಕೂ ಒಂದು ಲೆಕ್ಕವಿದೆ

ಸರ್ಕಾರದ ಕಡೆಯ ಮಾತನ್ನೂ ಕೇಳಬೇಕು. 2023-24ರಲ್ಲಿ ಆರೋಗ್ಯ ವಿಮೆಯ ಪ್ರೀಮಿಯಂನಿಂದಲೇ ಸುಮಾರು 8,263 ಕೋಟಿ ರೂಪಾಯಿ ಜಿಎಸ್‌ಟಿ ಬಂದಿತ್ತು. ಇದೆಲ್ಲ ದೆಹಲಿಗೆ ಹೋಗುವ ಹಣವಲ್ಲ. ಕರ್ನಾಟಕದ ಅಂಗಡಿಯೊಂದು 1,800 ರೂಪಾಯಿ ಕಟ್ಟಿದರೆ 900 ರಾಜ್ಯಕ್ಕೆ, 900 ಕೇಂದ್ರಕ್ಕೆ. ಕೇಂದ್ರದ ಪಾಲಿನಲ್ಲೂ ಶೇ 41 ಎಲ್ಲ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. 2025ರ ದರ ಕಡಿತದ ವೇಳೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ವರಮಾನ ನಷ್ಟ ತುಂಬಿಕೊಡುವಂತೆ ಕೇಳಿದ್ದು ಇದಕ್ಕಾಗಿಯೇ.

ಆದರೆ ವ್ಯಾಪಾರದ ವಿಮೆಯ ಮಟ್ಟಿಗೆ ಒಂದು ಅಂಶ ನೆನಪಿಡಬೇಕು. ದೊಡ್ಡವರು ಕಟ್ಟಿದ್ದನ್ನು ಕ್ರೆಡಿಟ್ ಮೂಲಕ ಹಿಂಪಡೆಯುವುದರಿಂದ, ಖಜಾನೆಯಲ್ಲಿ ನಿಜವಾಗಿ ಉಳಿಯುವುದು ಹಿಂಪಡೆಯಲಾಗದವರ ಹಣ. ಮತ್ತು ವಿಮೆ ಇಲ್ಲದ ಅಂಗಡಿಗಳು ಪ್ರವಾಹದಲ್ಲಿ ಮುಳುಗಿದಾಗ, ಪರಿಹಾರಕ್ಕಾಗಿ ಅವರು ಬಂದು ನಿಲ್ಲುವುದು ಅದೇ ಸರ್ಕಾರದ ಬಾಗಿಲಿಗೆ.

ನೀವು ವ್ಯಾಪಾರಿಯಾಗಿದ್ದರೆ

ನಿಮಗೆ ಸಾಮಾನ್ಯ ಜಿಎಸ್‌ಟಿ ನೋಂದಣಿ ಇದ್ದರೆ, ಪಾಲಿಸಿಯಲ್ಲಿ ನಿಮ್ಮ ಜಿಎಸ್‌ಟಿ ಸಂಖ್ಯೆ ಇದೆಯೇ ನೋಡಿ. ಅನೇಕರು ಪಾಲಿಸಿಯನ್ನು ಬರೀ ತಮ್ಮ ಹೆಸರಲ್ಲಿ ಮಾಡಿಸಿ, ಸಿಗಬೇಕಾದ ಕ್ರೆಡಿಟ್ ಕಳೆದುಕೊಳ್ಳುತ್ತಾರೆ. ಆ ಆರ್ಥಿಕ ವರ್ಷದ ಕ್ರೆಡಿಟ್ ಪಡೆಯಲು ಮುಂದಿನ ನವೆಂಬರ್ 30 ಕೊನೆಯ ದಿನ, ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದರೆ ಆ ದಿನವೇ ಕೊನೆ. ನಿಮ್ಮ ಮತ್ತು ಕುಟುಂಬದ ಆರೋಗ್ಯ ವಿಮೆಗೆ ಯಾರಾದರೂ ಈಗಲೂ ಜಿಎಸ್‌ಟಿ ಕೇಳಿದರೆ ಪ್ರಶ್ನಿಸಿ. ನೋಂದಣಿ ಇಲ್ಲದವರು ಅಥವಾ ಕಾಂಪೋಸಿಷನ್ ಪದ್ಧತಿಯವರು, ವಿಮೆಯ ಬೆಲೆ ಹೋಲಿಸುವಾಗ ತೆರಿಗೆ ಸೇರಿದ ಮೊತ್ತವನ್ನೇ ನಿಜವಾದ ಬೆಲೆ ಎಂದು ಇಟ್ಟುಕೊಳ್ಳಿ. ಏನೇ ಉಳಿಸಬೇಕೆನಿಸಿದರೂ ಸರಕಿನ ಮೌಲ್ಯವನ್ನು ಕಡಿಮೆ ಬರೆಸಬೇಡಿ.

ಬಿಲ್ಲಿನಲ್ಲಿ ಶೇ 18 ಕಂಡರೆ ಅದು ಏಜೆಂಟರ ಕೈಚಳಕವಲ್ಲ ಎಂದು ಈಗ ನಿಮಗೆ ಗೊತ್ತು. ಆ ತೆರಿಗೆ ನಿಮಗೆ ವಾಪಸ್ ಬರುತ್ತದೆಯೇ ಇಲ್ಲವೇ ಎಂಬುದನ್ನು ಮಾತ್ರ ನಿಮ್ಮ ಲೆಕ್ಕಿಗರ ಬಳಿ ಈ ವಾರವೇ ಕೇಳಿಬಿಡಿ.